ದುಗ್ಗಮ್ಮನ ಹಬ್ಬದ ಬಾಡೂಟಕ್ಕೆ ಹೋಗಬೇಕಾ? ಸಭೆಯಲ್ಲಿ ಮನಸ್ಸಾಕ್ಷಿಯ ಪ್ರಶ್ನೆ ಬಂದಾಗ ಮಾಡಬೇಕಾದ್ದು

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಊರದೇವತೆ ದುಗ್ಗಮ್ಮನ ಹಬ್ಬ ಬರುತ್ತದೆ. ಹಬ್ಬ ಇನ್ನೂ ಒಂದು ತಿಂಗಳಿದೆ ಅನ್ನುವಾಗಲೇ ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಗುಸುಗುಸು ಶುರು. ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು, ಸ್ಕೂಲಿನಲ್ಲಿ ಒಟ್ಟಿಗೆ ಓದಿದವರು, ಎಲ್ಲರೂ ಬಾಡೂಟಕ್ಕೆ ಕರೆಯುತ್ತಾರೆ. "ಬರ್ಲೇಬೇಕು ನೋಡ್ರಿ" ಅನ್ನುತ್ತಾರೆ. ಹೋಗಬೇಕಾ? ಹೋದರೆ ಉಣ್ಣಬೇಕಾ? ಮರಿ ಎಡೆಗೆ ಕಡಿದದ್ದೋ, ಸುಮ್ನೆ ನೆಂಟರಿಗೆ ಅಂತ ಕಡಿದದ್ದೋ, ಕೇಳಬೇಕಾ? ಒಬ್ಬರು "ಅದೇನು ಮಹಾ, ಮಟನ್ ಮಟನ್ನೇ" ಅನ್ನುತ್ತಾರೆ. ಇನ್ನೊಬ್ಬರು ಆ ವಾರ ಆ ಬೀದಿಗೇ ಕಾಲಿಡುವುದಿಲ್ಲ. ಇಬ್ಬರೂ ಭಾನುವಾರ ಒಂದೇ ಬೆಂಚಿನ ಮೇಲೆ ಕೂರಬೇಕು.

ಇದೊಂದೇ ಅಲ್ಲ. ವರ್ಕ್‌ಶಾಪಿನಲ್ಲಿ ಆಯುಧಪೂಜೆ. ಸೆಪ್ಟೆಂಬರ್ 8ಕ್ಕೆ ಹರಿಹರದಲ್ಲಿ ಕ್ಯಾಥೋಲಿಕರು ಯೇಸುವಿನ ತಾಯಿ ಮರಿಯಳಿಗೆ ಮಾಡುವ ಆರೋಗ್ಯ ಮಾತೆ ಹಬ್ಬ. ಮದುವೆಯಲ್ಲಿ ತಾಳಿ, ಅರಿಶಿನ, ಮುಡಿಗೆ ಹೂವು. ಭಾನುವಾರ ಅಂಗಡಿ ಬಾಗಿಲು ತೆಗೆಯುವುದು. ಕ್ರಿಸ್ಮಸ್‌ಗೆ ಮನೆ ಮುಂದೆ ನಕ್ಷತ್ರ ಕಟ್ಟುವುದು ಕೂಡ ಕೆಲವರಿಗೆ ತಂಟೆ. ನಾನು ಪಾಸ್ಟರ್ ಅಲ್ಲ. ಸಂಡೇ ಸ್ಕೂಲ್ ನಡೆಸುತ್ತೇನೆ, ವಾರವಿಡೀ ಜೆರಾಕ್ಸ್ ಅಂಗಡಿಯಲ್ಲಿ ಇರುತ್ತೇನೆ. ಈ ವಿಷಯದಲ್ಲಿ ಒಂದು ಸಲ ಕೆಟ್ಟದಾಗಿ ಸೋತಿದ್ದೇನೆ. ಆಮೇಲೆ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ರಾಶಿ ಬೇರೆ ಮಾಡಿ

ಮೊರದಲ್ಲಿ ಕೇರಿ ಕಲ್ಲು ತೆಗೆದ ಮೇಲೇ ಅಕ್ಕಿ ತೊಳೆಯುತ್ತೀವಿ, ಅಲ್ವಾ? ಇಲ್ಲೂ ಹಾಗೇ. ಸಭೆಯಲ್ಲಿ ಬರುವ ಎಲ್ಲ ಜಗಳವೂ ಮನಸ್ಸಾಕ್ಷಿಯ ಜಗಳ ಅಲ್ಲ.

ದೇವರ ವಾಕ್ಯ ಬಿಡಿಸಿ ಹೇಳಿದ್ದು ಒಂದು ಕಡೆ ಇಡಿ. ಸುಳ್ಳು ಲೆಕ್ಕ, ಲಂಚ, ವ್ಯಭಿಚಾರ, ಹೆಂಡತಿ ಮೇಲೆ ಕೈ ಮಾಡುವುದು. "ವರದಕ್ಷಿಣೆ ತಗೊಳ್ಳೋದು ಬಿಡೋದು ಅವರವರ ಮನಸ್ಸಾಕ್ಷಿ ಬ್ರದರ್" ಅಂತ ಒಬ್ಬರು ನನ್ನ ಮುಂದೆಯೇ ಹೇಳಿದ್ದರು. ಅಲ್ಲ. ಅದು ದುರಾಸೆ, ಇನ್ನೊಬ್ಬರ ಹೆಣ್ಣುಮಗಳ ಬೆನ್ನ ಮೇಲೆ ಸಾಲ ಹೇರುವುದು. ಅದಕ್ಕೆ, ಊಟ ದಿನಗಳ ವಿಷಯದಲ್ಲಿ ಒಬ್ಬರಿಗೊಬ್ಬರು ತೀರ್ಪು ಮಾಡಬೇಡಿ ಅನ್ನುವ, ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯವನ್ನು ಕೊಡೆಯ ಹಾಗೆ ಹಿಡಿಯಬಾರದು.

ಜಾತಿಯೂ ಹಾಗೇ. ಒಂದೇ ಬಟ್ಟಲಿಂದ ಕರ್ತನ ಭೋಜನ ತಗೊಂಡು, ಮನೆಗೆ ಹೋದ ಮೇಲೆ ಇವರ ಮನೆ ನೀರು ಕುಡಿಯಲ್ಲ ಅಂದರೆ ಅದು ಮನಸ್ಸಾಕ್ಷಿಯ ಭೇದ ಅಲ್ಲ. ಅಂತಿಯೋಕ್ಯ ಅನ್ನುವ ಊರಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಮೊದಲು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಮೇಲೆ ಹೆದರಿ ಹಿಂದೆ ಸರಿದ. ಈ ಪತ್ರಿಕೆಗಳನ್ನು ಬರೆದ ಅಪೊಸ್ತಲ ಪೌಲ ಎಲ್ಲರ ಮುಂದೆ, ಮುಖಕ್ಕೇ ಹೇಳಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ. "ಅವರವರ ಇಷ್ಟ" ಅನ್ನುವ ಮಾತು ಅಲ್ಲಿ ಬರಲೇ ಇಲ್ಲ.

ರಕ್ಷಣೆ ಹೇಗೆ ಸಿಗುತ್ತದೆ ಅನ್ನುವುದೂ ಈ ಕಡೆಯ ರಾಶಿಗೇ. ಇವೆಲ್ಲ ತೆಗೆದ ಮೇಲೆ ಉಳಿಯುವುದು, ತಿನ್ನುವುದು, ಕುಡಿಯುವುದು, ದಿನ ಆಚರಿಸುವುದು, ಉಡುವುದು ತೊಡುವುದು. ದೇವಭಕ್ತರಾದ ಇಬ್ಬರು ಬೈಬಲ್ ತೆರೆದುಕೊಂಡೇ ಬೇರೆ ಬೇರೆ ಹೇಳಬಹುದಾದ ವಿಷಯಗಳು. ಮುಂದಿನದೆಲ್ಲ ಈ ರಾಶಿಗೆ ಮಾತ್ರ.

ಊಟ ಎಲ್ಲಿ ಅಂತ ನೋಡಿ

ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯನ್ನು 8ರಿಂದ 10ನೇ ಅಧ್ಯಾಯದವರೆಗೆ ಒಂದೇ ಸಲಕ್ಕೆ ಓದಿ. ಬಿಡಿ ವಚನ ಹೆಕ್ಕಿ ಓದಿದರೆ ಇಬ್ಬರಿಗೂ ತಮಗೆ ಬೇಕಾದದ್ದು ಸಿಗುತ್ತದೆ, ಜಗಳ ಹಾಗೇ ಉಳಿಯುತ್ತದೆ.

ಗ್ರೀಸಿನ ಕೊರಿಂಥ ದಾವಣಗೆರೆಯ ಹಾಗೇ ವ್ಯಾಪಾರದ ಊರು. ಅಲ್ಲಿ ಅಗೆದಾಗ ಕಾಯಿಲೆ ವಾಸಿ ಮಾಡುವ ದೇವರು ಅಸ್ಕ್ಲೇಪಿಯಸ್‌ನ ದೇವಸ್ಥಾನದ ಜಾಗದಲ್ಲಿ ಊಟದ ಕೋಣೆಗಳೇ ಸಿಕ್ಕಿವೆ. ಈಜಿಪ್ಟಿನಲ್ಲಿ ಸಿಕ್ಕ ಹಳೇ ಕಾಗದಗಳಲ್ಲಿ ಸೆರಾಪಿಸ್ ದೇವರ ಪಂಕ್ತಿಗೆ ಊಟಕ್ಕೆ ಬನ್ನಿ ಅನ್ನುವ ಕರೆಯೋಲೆಗಳಿವೆ. ನಮ್ಮ ಕಡೆ ಹಬ್ಬಕ್ಕೆ ವಾಟ್ಸಾಪ್‌ನಲ್ಲಿ ಕರೆಯುವ ಹಾಗೇ, ಇಷ್ಟು ಗಂಟೆಗೆ, ಇಂಥ ಕಡೆ ಅಂತ. ದೇವರು, ನೆಂಟಸ್ತಿಕೆ, ಊಟ, ಮೂರನ್ನೂ ಬಿಡಿಸಲಾಗದ ಹಾಗೆ ಹೆಣೆದಿದ್ದ ಕಾಲ. ನಮಗೆ ಹೊಸದೇನಲ್ಲ.

ಅಂಥ ಊರಿನವರಿಗೆ ಪೌಲ ಒಂದೇ ಮಾತು ಹೇಳಲಿಲ್ಲ. ಊಟ ನಡೆಯುವ ಜಾಗ ನೋಡಿ ಹೇಳಿದ. ದೇವಸ್ಥಾನದಲ್ಲಿ ಪೂಜೆಯ ಭಾಗವಾಗಿಯೇ ಕೂತು ಉಣ್ಣುವುದು ಬೇಡ, ಕರ್ತನ ಪಂಕ್ತಿ ಮತ್ತು ಆ ಪಂಕ್ತಿ ಎರಡರಲ್ಲೂ ಪಾಲು ತಗೊಳ್ಳೋಕಾಗಲ್ಲ. ಮಾರ್ಕೆಟ್ಟಿನಲ್ಲಿ ಮಾರುವ ಮಾಂಸ, ಏನೂ ವಿಚಾರಿಸದೆ ತಗೊಂಡು ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದ್ದೇ. ಗೆಳೆಯರ ಮನೆಯಲ್ಲಿ ಕರೆದರೆ ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ತಿನ್ನಿ, ತನಿಖೆ ಮಾಡಬೇಡಿ. ಆದರೆ ಯಾರಾದರೂ "ಇದು ಎಡೆ ಇಟ್ಟದ್ದು" ಅಂತ ಹೇಳಿದರೆ, ಹೇಳಿದವರ ನಿಮಿತ್ತ ತಿನ್ನಬೇಡಿ. ನಿಮ್ಮ ಮನಸ್ಸಾಕ್ಷಿ ಅಲ್ಲ, ಅವರ ಮನಸ್ಸಾಕ್ಷಿ ಅಂತ 10ನೇ ಅಧ್ಯಾಯದ 29ನೇ ವಚನದಲ್ಲಿ ಬಿಡಿಸಿಯೇ ಬರೆದಿದ್ದಾನೆ.

ನನ್ನ ಅನುಭವದಲ್ಲಿ ಸಭೆಯ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. ಒಬ್ಬರು ಮಾರ್ಕೆಟ್ ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ದೇವಸ್ಥಾನ ಮನಸ್ಸಲ್ಲಿಟ್ಟುಕೊಂಡು. "ಯಾವ ಊಟದ ಮಾತು ಆಡ್ತಿದೀರಿ ಅಣ್ಣ?" ಅಂತ ಕೇಳಿದರೆ ಸಾಕು.

ರೋಮಾಪುರದ ಕತೆ ಸ್ವಲ್ಪ ಬೇರೆ. ಕ್ರಿ.ಶ. 49ರ ಸುಮಾರಿಗೆ ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ಊರು ಬಿಡಿಸಿದ. ಪೌಲನ ಜೊತೆ ಕೆಲಸ ಮಾಡಿದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಹಾಗೇ ಕೊರಿಂಥಕ್ಕೆ ಬಂದವರು. 54ರಲ್ಲಿ ಅವನು ಸತ್ತ ಮೇಲೆ ಯೆಹೂದ್ಯರು ತಿರುಗಿ ಬರತೊಡಗಿದರು. ಬಂದು ನೋಡಿದರೆ ಸಭೆಯ ಊಟ, ದಿನ, ಪದ್ಧತಿ ಎಲ್ಲ ಬದಲಾಗಿದ್ದಿರಬೇಕು. ಪೌಲ ಪತ್ರಿಕೆ ಬರೆದದ್ದು 57ರ ಹೊತ್ತಿಗೆ. ಬರೀ ಕಾಯಿಪಲ್ಯ ತಿನ್ನುವವರು ಒಂದು ಕಡೆ, ಎಲ್ಲ ತಿನ್ನುವವರು ಒಂದು ಕಡೆ. ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಅಂದ. ಆ ಎರಡು ಕ್ರಿಯಾಪದ ನೋಡಿ. ಹೀಯಾಳಿಸುವುದು ಒಬ್ಬರ ಚಾಳಿ, ತೀರ್ಪು ಮಾಡುವುದು ಇನ್ನೊಬ್ಬರ ಚಾಳಿ. ನಮ್ಮ ಸಭೆಗೇ ಬಂದು ನೋಡಿ ಬರೆದ ಹಾಗಿದೆ.

ಆಮೇಲೆ, ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ

ನಾನು ಸೋತದ್ದು ಇಲ್ಲಿ.

ಕೆಲವು ವರ್ಷದ ಹಿಂದಿನ ಮಾತು. ಹಬ್ಬಕ್ಕೆ ಹಳೇ ದಾವಣಗೆರೆಯಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋದೆ. ಸಭೆಗೆ ಹೊಸದಾಗಿ ಬರುತ್ತಿದ್ದ ಒಬ್ಬ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವನ ಮನೆಯಲ್ಲಿ ತಾತನ ಕಾಲದಿಂದ ದುಗ್ಗಮ್ಮನಿಗೆ ಹರಕೆ. ಅವನಿಗೆ ದೀಕ್ಷಾಸ್ನಾನ ಆಗಿ ಐದು ತಿಂಗಳೂ ಆಗಿರಲಿಲ್ಲ. ಚಾಪೆ ಮೇಲೆ ಸಾಲಾಗಿ ಕೂತೆವು. ಎಲೆ ಹಾಕಿದರು, ಮುದ್ದೆ ಬಂತು. ಗೆಳೆಯನ ತಾಯಿ ಸಾರಿನ ಬಕೆಟ್ ಹಿಡಿದು ಬಗ್ಗಿ, "ಈಗಷ್ಟೇ ಅಮ್ಮನಿಗೆ ಎಡೆ ಆಯ್ತಪ್ಪ, ಬಿಸಿ ಐತಿ, ಉಣ್ರಿ" ಅಂದರು. ಪ್ರೀತಿಯಿಂದಲೇ ಅಂದದ್ದು. ಹುಡುಗನ ಕೈ ಮುದ್ದೆ ಮೇಲೆ ನಿಂತುಬಿಟ್ಟಿತು. ನನ್ನ ಮುಖ ನೋಡಿದ. ನಾನು ಅವನ ಕಿವಿ ಹತ್ತಿರ ಬಗ್ಗಿ, "ಏನಾಗಲ್ಲ, ಉಣ್ಣು ತಮ್ಮಾ. ನಮಗೆ ದೇವರು ಒಬ್ಬನೇ" ಅಂತ ನಕ್ಕೆ. ಅವನು ಉಂಡ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾಲ್ಕು ತಿಂಗಳು ಬರಲಿಲ್ಲ. ಫೋನ್ ಎತ್ತಲಿಲ್ಲ. ಕೊನೆಗೆ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಹೇಳಿದ: "ಅಣ್ಣ, ನಾನು ಬಿಟ್ಟು ಬಂದದ್ದನ್ನ ನೀವೇ ಉಣ್ಣಿಸಿದ್ರಿ. ಆವತ್ತು ರಾತ್ರಿ ನಿದ್ದೆ ಹತ್ಲಿಲ್ಲ. ಅಮ್ಮ ಸಿಟ್ಟಾಗಿದಾಳೇನೋ ಅಂತ ಒಂದ್ಕಡೆ. ಯೇಸಪ್ಪ ಕೈ ಬಿಟ್ನೇನೋ ಅಂತ ಒಂದ್ಕಡೆ."

ನಾನು ಅವನಿಗೆ ಹೇಳಿದ ಮಾತು ಪೌಲನದ್ದೇ, ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 8ನೇ ಅಧ್ಯಾಯದ್ದು. ಆದರೆ ಅದೇ ಅಧ್ಯಾಯದ ಮೊದಲ ವಚನವನ್ನು, ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಅನ್ನುವುದನ್ನು, ದಾಟಿಕೊಂಡು ಬಂದಿದ್ದೆ. ನಾನು ಯಾಕೆ ಉಂಡೆ ಅಂತ ಆಮೇಲೆ ಕೂತು ಯೋಚಿಸಿದೆ. ಹಸಿವಿಗಲ್ಲ. ಗೆಳೆಯನ ಮೇಲಿನ ಪ್ರೀತಿಗೂ ಪೂರ್ತಿ ಅಲ್ಲ. ನಾನು ಮಡಿವಂತ ವಿಶ್ವಾಸಿ ಅಲ್ಲ, ತಿಳಿದವನು ಅಂತ ಇಬ್ಬರಿಗೂ ತೋರಿಸಬೇಕಿತ್ತು. ಅಷ್ಟೇ.

ಅವತ್ತಿಂದ ಏನೇ ಮಾಡುವ ಮೊದಲು, ಏನೇ ಬಿಡುವ ಮೊದಲು, ಕೆಲವು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೀವೂ ಒಂದು ಚೀಟಿಯಲ್ಲಿ ಬರೆದು ಬೈಬಲ್ ಒಳಗೆ ಇಟ್ಟುಕೊಳ್ಳಬಹುದು. ಇದನ್ನು ಮಾಡುತ್ತಾ ಬಾಯಿ ತುಂಬ ದೇವರಿಗೆ ಸ್ತೋತ್ರ ಹೇಳಬಲ್ಲೆನಾ? ತಿನ್ನುವವನೂ ಸ್ತೋತ್ರ ಹೇಳಿ ತಿನ್ನುತ್ತಾನೆ, ಬಿಡುವವನೂ ಸ್ತೋತ್ರ ಹೇಳಿಯೇ ಬಿಡುತ್ತಾನೆ ಅಂತ ರೋಮ 14:6ರಲ್ಲಿದೆ. ಯಾರೂ ನೋಡದಿದ್ದರೂ ಹೀಗೇ ಮಾಡುತ್ತಿದ್ದೆನಾ? ಬಿಡು ಅಂದರೆ ನಾಳೆಯೇ ಬಿಡಬಲ್ಲೆನಾ? ನನ್ನ ಎಡಗಡೆ ಕೂತವರು ಯಾರು, ಅವರು ಎಲ್ಲಿಂದ ಬಂದವರು? ಈ ಕೊನೆಯ ಪ್ರಶ್ನೆ ಕೇಳಿಕೊಂಡಿದ್ದರೆ ಆ ಹುಡುಗನ ನಾಲ್ಕು ತಿಂಗಳು ಉಳಿಯುತ್ತಿತ್ತು.

ಬಿಡುವವರಿಗೂ ಇದೇ ಪರೀಕ್ಷೆ. ಟೀವಿ ಬಿಟ್ಟೆ, ಬಂಗಾರ ಬಿಟ್ಟೆ, ಹೂವು ಮುಡಿಯೋದು ಬಿಟ್ಟೆ ಅಂತ ಸಾಕ್ಷಿ ಹೇಳುವಾಗ ಕಣ್ಣು ಯಾರ ಮೇಲಿರುತ್ತದೆ ನೋಡಿ. ಕ್ರಿಸ್ತನ ಪ್ರೀತಿಗೆ ಬಿಟ್ಟರೆ ಹಗುರಾಗುತ್ತೀರಿ. ಹೆದರಿ ಬಿಟ್ಟರೆ, ಬಿಡದವರನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ನನಗೆ ಗೊತ್ತಿರುವ ಒಳ್ಳೇ ಗುರುತು ಇದೇ.

ಮಾಡುವ ಕೆಲಸ ಒಂದೇ ಇದ್ದು, ಕಾರಣ ಬೇರೆ ಆದರೆ ಉತ್ತರವೂ ಬೇರೆ ಆಗಬಹುದು. ಪೌಲ ತನ್ನ ಜೊತೆಗಾರ ತಿಮೊಥೆಗೆ ಯೆಹೂದ್ಯರ ಪದ್ಧತಿಯಂತೆ ಸುನ್ನತಿ ಮಾಡಿಸಿದ. ಇನ್ನೊಬ್ಬ ಜೊತೆಗಾರ, ಗ್ರೀಕನಾದ ತೀತನಿಗೆ ಮಾಡಿಸಲು ಒಪ್ಪಲಿಲ್ಲ. ತಿಮೊಥೆಯ ತಾಯಿ ಯೆಹೂದ್ಯಳು, ಅವನನ್ನು ಕರೆದುಕೊಂಡು ಯೆಹೂದ್ಯರ ನಡುವೆ ಹೋಗಬೇಕಿತ್ತು, ಬಾಗಿಲು ಮುಚ್ಚಬಾರದು. ತೀತನ ವಿಷಯದಲ್ಲಿ ಕೆಲವರು ಒತ್ತಾಯ ಹೇರಿದರು, ಸುವಾರ್ತೆಯ ಸತ್ಯವೇ ಕೈತಪ್ಪುವ ಹಾಗಿತ್ತು. ಅಲ್ಲಿ ಒಂದು ಗಳಿಗೆಯೂ ಬಗ್ಗಲಿಲ್ಲ. ಮೇಲಿಂದ ನೋಡಿದರೆ ಎರಡು ನಾಲಿಗೆಯವನ ಹಾಗೆ ಕಾಣುತ್ತಾನೆ. ಒಳಗಿನ ಕಾರಣ ನೋಡಿದರೆ ಒಂದೇ.

ಅನುಮಾನ ಇದ್ದರೆ ಕೈ ತಡೆಯಿರಿ

ಇನ್ನೊಬ್ಬರು ಸರಿ ಅಂದರು ಅಂತ ಮಾಡಬೇಡಿ. ಅನುಮಾನ ಇಟ್ಟುಕೊಂಡು ತಿನ್ನುವವನು ತಪ್ಪಿತಸ್ಥ ಅಂತ ರೋಮ 14:23 ಹೇಳುತ್ತದೆ. ತಿನ್ನುವ ಪದಾರ್ಥ ತಪ್ಪಲ್ಲದಿದ್ದರೂ ಸರಿ. ಮನಸ್ಸಾಕ್ಷಿಯನ್ನು ತುಳಿದು ನಡೆಯುವ ಅಭ್ಯಾಸ ಬಂದರೆ, ನಾಳೆ ನಿಜವಾದ ಪಾಪ ಎದುರು ಬಂದಾಗಲೂ ಅದು ಸುಮ್ಮನಿರುತ್ತದೆ.

ಕೈ ತಡೆಯುವುದಕ್ಕೂ ಒಂದು ಮರ್ಯಾದೆ ಬೇಕು. ಲೇತ್ ಮೇಲೆ ಕೆಲಸ ಮಾಡುವ ನಮ್ಮ ತಮ್ಮನೊಬ್ಬನಿಗೆ ಪ್ರತಿ ಆಯುಧಪೂಜೆಗೂ ಸಂಕಟ. ಮೆಷಿನ್ ತೊಳೆಯಬೇಕು, ಹೂವು ಹಾಕಬೇಕು, ಕುಂಬಳಕಾಯಿ ಒಡೆಯಬೇಕು, ಮಂಡಕ್ಕಿ ಹಂಚಬೇಕು. ಎರಡು ವರ್ಷ ಸುಳ್ಳು ಹೇಳಿ ರಜೆ ಹಾಕಿದ. ಮೂರನೇ ವರ್ಷ ನಾವಿಬ್ಬರೂ ಕೂತು ಬಿಡಿಸಿ ನೋಡಿದೆವು. ಮೆಷಿನ್ ತೊಳೆಯೋದು? ಅದು ಕೆಲಸ, ಸಂತೋಷವಾಗಿ ಮಾಡಬಹುದು. ಆರತಿ ಎತ್ತೋದು? ಆಗಲ್ಲ. ಮಂಡಕ್ಕಿ ಹಂಚೋದು? ಅಲ್ಲಿ ಅವನಿಗೆ ಅನುಮಾನ. ನನಗೆ ಇರಲಿಲ್ಲ, ಆದರೆ ಮನಸ್ಸಾಕ್ಷಿ ಅವನದು. ಹಬ್ಬಕ್ಕೆ ಒಂದು ವಾರ ಮೊದಲೇ ಮಾಲೀಕರ ಹತ್ತಿರ ಹೋಗಿ ಹೀಗೆ ಹೇಳಿದ:

"ಸಾರ್, ಹಿಂದಿನ ದಿನ ಎಲ್ಲಾ ಮೆಷಿನ್ ನಾನೇ ತೊಳೆದು, ಎಣ್ಣೆ ಬಿಟ್ಟು, ಶೆಡ್ ಗುಡಿಸಿ ಕೊಡ್ತೀನಿ. ಪೂಜೆ ಹೊತ್ತಿಗೆ ಮಾತ್ರ ಹೊರಗೆ ನಿಂತಿರ್ತೀನಿ. ನಿಮ್ಮ ಮೇಲಾಗ್ಲಿ, ಪೂಜೆ ಮೇಲಾಗ್ಲಿ ಅಗೌರವ ಇಲ್ಲ ಸಾರ್. ನಾನು ನಂಬಿದ್ದು ಹಾಗೆ."

ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವೇನೋ, ಯಾಕ್ ಹುಷಾರಿಲ್ಲ ಅಂತಿದ್ದೆ" ಅಂದರಂತೆ. ಎಲ್ಲ ಮಾಲೀಕರೂ ಹಾಗಿರುವುದಿಲ್ಲ, ಅದೂ ಗೊತ್ತು. ಆದರೆ ಮುಂಚೆಯೇ ಹೇಳುವುದು, ಮಾಡಬಲ್ಲದ್ದನ್ನು ಮೊದಲು ಹೇಳುವುದು, ಬೇರೆಯವರ ದೇವರ ಬಗ್ಗೆ ಒಂದು ಮಾತೂ ಆಡದಿರುವುದು, ಇಷ್ಟು ನಮ್ಮ ಕೈಯಲ್ಲಿದೆ.

ಭೇದ ಇರುವವರನ್ನೇ ಹೋಗಿ ಕೇಳಿ

ವಾಟ್ಸಾಪ್ ಗ್ರೂಪಿನಲ್ಲಿ ವಚನ ಹಾಕಬೇಡಿ. ಪ್ರಸಂಗದಲ್ಲಿ ಹೆಸರು ಹೇಳದೆ ಚುಚ್ಚಬೇಡಿ. ಎಲ್ಲಕ್ಕಿಂತ ಮುಖ್ಯ, ಮನೆ ಪ್ರಾರ್ಥನೆಯಲ್ಲಿ "ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿ, ಅವರು ದಾರಿ ತಪ್ಪುತ್ತಿದ್ದಾರೆ" ಅನ್ನಬೇಡಿ. ಚಾಡಿಗೆ ಪ್ರಾರ್ಥನೆಯ ಬಟ್ಟೆ ತೊಡಿಸಿದರೆ ಅದು ಚಾಡಿಯೇ.

ನಮ್ಮಲ್ಲಿ ಒಬ್ಬ ಅಕ್ಕ ಇದ್ದಾರೆ, ತವರು ಕ್ಯಾಥೋಲಿಕರದ್ದು. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಹರಿಹರಕ್ಕೆ ಹೋಗುತ್ತಾರೆ. ನಮ್ಮಲ್ಲಿ ಅದಕ್ಕೆ ಎರಡು ವರ್ಷ ಪಿಸುಮಾತು ನಡೆಯಿತು. ಹರಿಹರ ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ, ಆದರೆ ಆ ಅಕ್ಕನ ಮನೆಗೆ ಹೋಗಿ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಹೋದಳು. "ಅಕ್ಕ, ಅಲ್ಲಿ ಹೋಗಿ ಏನ್ ಮಾಡ್ತೀರಿ? ನನಗೆ ತಿಳ್ಕೋಬೇಕು ಅಂತ ಕೇಳ್ತಿದೀನಿ" ಅಂದಳಂತೆ. ಅಕ್ಕ ಟೀ ಸೋಸುತ್ತಾ ಹೇಳಿದರು: "ಅವ್ವನಿಗೆ ಮೊಣಕಾಲು. ಒಬ್ಬಳೇ ಬಸ್ ಹತ್ತೋಕಾಗಲ್ಲ. ಕರ್ಕೊಂಡು ಹೋಗಿ ಮುಂದೆ ಕೂರಿಸ್ತೀನಿ. ಪೂಜೆ ಮುಗಿಯೋತನಕ ಹಿಂದೆ ಕೂತು ಕೀರ್ತನೆ ಓದ್ತೀನಿ. ನೀವೆಲ್ಲ ಏನಂದ್ಕೊಂಡಿದ್ರಿ?"

ಹಾಗಾಗಿ ಮೊದಲ ಸಲ ಹೋದಾಗ ಬರೀ ಕೇಳಿ. ನಿಮ್ಮ ವಾದ ಎರಡನೇ ಸಲಕ್ಕಿರಲಿ. ಎರಡನೇ ಸಲ ಬೇಕಾಗದೆಯೂ ಹೋಗಬಹುದು. ಕೇಳಿದ ಮೇಲೂ ಒಪ್ಪಿಗೆ ಆಗದಿದ್ದರೆ, "ನನಗೆ ಇದು ಆಗಲ್ಲ ಅಕ್ಕ, ನಿಮಗಾಗುತ್ತೆ. ಕರ್ತನ ಮುಂದೆ ಇಬ್ಬರೂ ಲೆಕ್ಕ ಕೊಡೋಣ" ಅಂತ ಹೇಳಿ ಟೀ ಕುಡಿದು ಬನ್ನಿ.

ಎಡವುವುದು ಬೇರೆ, ಬೇಜಾರಾಗುವುದು ಬೇರೆ

ಇದನ್ನು ಹೇಳದಿದ್ದರೆ ಮೇಲಿನದೆಲ್ಲ ಒಂದು ಕಡೆಗೆ ವಾಲುತ್ತದೆ. "ನನಗೆ ಎಡವುಗಲ್ಲು ಆಗುತ್ತೆ" ಅನ್ನುವ ಮಾತನ್ನು ಕೆಲವರು ಚಾಟಿಯ ಹಾಗೆ ಬಳಸುತ್ತಾರೆ. ಮೂವತ್ತು ವರ್ಷದ ಹಳೇ ವಿಶ್ವಾಸಿ, ಸಭೆಯ ಹಿರಿಯರು, ಗಿಟಾರ್ ನುಡಿಸುವ ಹುಡುಗರನ್ನು ಕಂಡು "ನಾನು ಎಡವಿದೆ" ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಅವರು ಆ ಗಿಟಾರ್ ನೋಡಿ ತಾವೂ ಪಾಪಕ್ಕೆ ಬೀಳುತ್ತಾರಾ? ಇಲ್ಲ. ಅವರಿಗೆ ಇಷ್ಟವಾಗಲಿಲ್ಲ, ಅಷ್ಟೇ. ಪೌಲ ಹೇಳುವ ಎಡವುವುದು ಅಂದರೆ, ನಿಮ್ಮನ್ನು ನೋಡಿ ಇನ್ನೊಬ್ಬ ತನ್ನ ಮನಸ್ಸಾಕ್ಷಿಗೆ ವಿರುದ್ಧ ನಡೆದು ಒಳಗೊಳಗೇ ಮುರಿಯುವುದು. ಬಾಗಿಲಲ್ಲಿ ನಿಂತ ಆ ಹುಡುಗನಿಗೆ ಆದದ್ದು ಅದು.

ಬೇಜಾರಾದವರ ಮಾತನ್ನೂ ಕೇಳಿ, ಗೌರವ ಕೊಡಿ. ಆದರೆ ಅವರ ಬೇಜಾರನ್ನೇ ಸಭೆಯ ಕಾನೂನು ಮಾಡಬೇಡಿ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಮುಟ್ಟಬೇಡ, ರುಚಿ ನೋಡಬೇಡ ಅನ್ನುವ ನೇಮಗಳ ಬಗ್ಗೆ ಏನಿದೆ ಅಂತ ಆ ಹಿರಿಯರ ಜೊತೆಗೇ ಕೂತು ಓದಿ.

ಕೆಲವು ಸಲ ಇಡೀ ಸಭೆ ಒಂದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಮದುವೆ ಸಭೆಯಲ್ಲೇ ನಡೆಯುವಾಗ ತಾಳಿಯೋ ಉಂಗುರವೋ ಅಂತ. ಆಗ ಹಿರಿಯರು, ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಎಲ್ಲರ ಮಾತೂ ಆಗಲಿ. ಅಪೊಸ್ತಲರ ಕೃತ್ಯಗಳು 15ರಲ್ಲಿ, ಸಭೆಗೆ ಬಂದ ಅನ್ಯಜನರಿಗೆ ಸುನ್ನತಿ ಬೇಕಾ ಅನ್ನುವ ಪ್ರಶ್ನೆ ಬಂದಾಗ, ಯೆರೂಸಲೇಮಿನವರು ಮಾಡಿದ್ದೂ ಅದೇ. ಬಹಳ ಚರ್ಚೆ ಆಯಿತು, ಪೇತ್ರ ಮಾತಾಡಿದ, ಬಾರ್ನಬ ಪೌಲರು ನಡೆದದ್ದು ಹೇಳಿದರು, ಯಾಕೋಬ ಕೊನೆಗೆ ಮಾತಾಡಿದ. ಹೊಸದಾಗಿ ಬಂದವರ ಮೇಲೆ ಅಗತ್ಯಕ್ಕಿಂತ ಜಾಸ್ತಿ ಭಾರ ಹೇರಬಾರದು ಅಂತ ಒಂದು ಪುಟ್ಟ ಪತ್ರ ಬರೆದು, ಕೈಯಲ್ಲಿ ಕೊಟ್ಟು ಕಳಿಸಿದರು. ನೀವೂ ಚಿಕ್ಕದಾಗಿ ಬರೆದಿಡಿ. ಉದ್ದ ಬರೆದಷ್ಟೂ ಜಗಳ ಉದ್ದ.

ಆ ಹುಡುಗ ಈಗ ನಮ್ಮ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಾನೆ. ಹೋದ ಸಲದ ಹಬ್ಬಕ್ಕೆ ಗೆಳೆಯನ ಮನೆಯಿಂದ ಮತ್ತೆ ಫೋನ್ ಬಂತು. ಈ ಸಲ ಇವನೇ, "ಅಣ್ಣ, ನೀವು ಹೋಗಿ ಉಂಡು ಬನ್ನಿ, ನನಗೀಗ ಏನಿಲ್ಲ" ಅಂದ. ಆದರೆ ಆ ವರ್ಷ ನಮ್ಮ ಸಭೆಗೆ ಇನ್ನೊಂದು ಹೊಸ ಕುಟುಂಬ ಬಂದಿತ್ತು, ಅದೇ ಬೀದಿಯವರು. ಊಟದ ಹೊತ್ತು ಬಿಟ್ಟು ಸಂಜೆ ನಾಲ್ಕಕ್ಕೆ ಇಬ್ಬರೂ ಹೋದೆವು. ಗೆಳೆಯನ ತಾಯಿ, "ಊಟಕ್ಕೆ ಬರ್ಲಿಲ್ಲ, ಈಗ ಬಂದೀರಿ" ಅಂತ ಬೈದರು. ಬೈಯುತ್ತಲೇ ದೊಡ್ಡ ತಟ್ಟೆ ತುಂಬ ಖಾರ ಮಂಡಕ್ಕಿ ಕಲಸಿ, ಬಿಸಿ ಮಿರ್ಚಿ ಮೇಲಿಟ್ಟು ತಂದರು. "ಇದು ಎಡೆಗಿಟ್ಟಿದ್ದಲ್ಲ ಮಾರಾಯ, ಮಂಡಕ್ಕಿ ಭಟ್ಟಿಯಿಂದ ಈಗ ತರ್ಸಿದ್ದು. ತಿನ್ರಿ" ಅಂದರು. ನಾವು ಕೇಳಿರಲಿಲ್ಲ, ಅವರೇ ಹೇಳಿದ್ದು.